ಬರಿಗೈಲಿ ಕೊಂಡಿ ಕೇಳದ ಚಾರುಲತಾ

ನಾಗಪುರದ ಅಂಬಾಝರಿ ಕಾಲೊನಿಗೆ ಹಾಲಿನವನು ಇನ್ನೂ ಬಂದಿಲ್ಲ. ಚಾರುಲತಾ ಮುಳಗುಂದ ಆಗಲೇ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಬೆಳಿಗ್ಗೆ ಎಂಟರವರೆಗೆ ಇಂಟರ್‌ನೆಟ್ ಪುಕ್ಕಟೆ, ಅದಾದ ಮೇಲೆ ಲೋಡ್‌ಶೆಡ್ಡಿಂಗ್. ಹಾಗಾಗಿ ಅವರ ಕೆಲಸವೆಲ್ಲ ಊರು ಏಳುವ ಮೊದಲೇ ಮುಗಿಯಬೇಕು. ಪರದೆಯ ಮೇಲೆ ಕೆನಡಾದ ಯಾರೋ ಹಳೆಯ ಸ್ಟೋವ್‌ಗಳ ಬಗ್ಗೆ ಬರೆದ ಪುಟ. ಪರೀಕ್ಷೆಯ ಪೇಪರ್ ತಿದ್ದುವವರಂತೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಾರೆ. ಅದರಲ್ಲಿ ಒಂದು ಕೊಂಡಿ, ಅಂದರೆ ಲಿಂಕ್, ಒತ್ತಿದರೆ ಏನೂ ತೆರೆಯುವುದಿಲ್ಲ. ಚಾರುಲತಾ ಅವರ ಮುಖ ಅರಳುತ್ತದೆ. ಪತ್ರ ಬರೆಯಲು ನೆಪ ಸಿಕ್ಕಿತಲ್ಲ!

ಈ ಕೆಲಸವನ್ನು ನೆರೆಮನೆಯವರಿಗೆ ವಿವರಿಸಹೋಗಿ ಸೋತ ಪತಿ ಶ್ರೀಕಾಂತ ಈಗೀಗ "ಟೈಪಿಂಗ್" ಎಂದು ಹೇಳಿ ಪಾರಾಗುತ್ತಾರೆ. ವಿಷಯವೇನೋ ಸರಳವೇ. ಹೊಸ ಊರಿಗೆ ಬಂದವರು ಒಳ್ಳೆಯ ಟೇಲರ್ ಯಾರು ಎಂದು ನಾಲ್ಕು ಜನರನ್ನು ಕೇಳುತ್ತಾರೆ. ನಾಲ್ವರೂ ಒಂದೇ ಹೆಸರು ಹೇಳಿದರೆ ಅಲ್ಲಿಗೇ ಹೋಗುತ್ತಾರೆ. ಸರ್ಚ್ ಎಂಜಿನ್ ಕೂಡ ಹಾಗೆಯೇ. ಒಂದು ವೆಬ್‌ಸೈಟಿನತ್ತ ಬೇರೆ ಎಷ್ಟು ಸೈಟುಗಳು ಕೊಂಡಿ ಕೊಟ್ಟು ಬೆರಳು ತೋರಿಸುತ್ತವೆ, ಅವು ಎಂಥವು ಎಂದು ನೋಡಿ ಅದನ್ನು ಮೇಲಕ್ಕೋ ಕೆಳಕ್ಕೋ ಇಡುತ್ತದೆ. ಅಂಥ ಮರ್ಯಾದಸ್ಥ ಕೊಂಡಿಗಳನ್ನು ದೊರಕಿಸಿಕೊಡುವುದು ಚಾರುಲತಾ ಅವರ ಕಸುಬು. ಕೆಲಸ ಇವರದು, ಅದು ಕಾಣಿಸುವುದು ಇನ್ನೊಬ್ಬರ ಪುಟದಲ್ಲಿ. ಹೆಸರು ಎಲ್ಲಿಂದ ಬರಬೇಕು?

ಇವರು ಗದಗಿನ ಕಡೆಯವರು. ಶ್ರೀಕಾಂತ ಅವರದು ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್ನೆನ್ಸ್ ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದ ನೌಕರಿ. ವರ್ಗವಾದ ಊರಲ್ಲೆಲ್ಲ ಒಂದು ಶಾಲೆ ಹಿಡಿದು ಇಂಗ್ಲಿಷ್ ಕಲಿಸಿದರು ಚಾರುಲತಾ. ನೌಕರಿ ಕಾಯಂ ಆಯಿತು ಎನ್ನುವಷ್ಟರಲ್ಲಿ ಮತ್ತೆ ವರ್ಗ. ನಾಗಪುರಕ್ಕೆ ಬರುವಾಗ ನಲವತ್ತು ದಾಟಿತ್ತು, ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಧರಂಪೇಠದಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಭಿಜಿತ್ ಎಂಬ ತರುಣನ ಕಂಪನಿಗೆ 2004ರಲ್ಲಿ ಇಂಗ್ಲಿಷ್ ತಿದ್ದಲು ಸೇರಿ, ಕೊನೆಗೆ ಮನೆಯಿಂದಲೇ ಮಾಡುವ ಈ ಕೆಲಸಕ್ಕೆ ಅಂಟಿಕೊಂಡರು.

ಅಲ್ಲಿ ಉಳಿದವರು ಸಿಕ್ಕಸಿಕ್ಕ ಸೈಟುಗಳಲ್ಲಿ ನೋಡುಗರು ಅಭಿಪ್ರಾಯ ಬರೆಯುವ ಅತಿಥಿ ಪುಸ್ತಕಗಳಲ್ಲಿ ಗಿರಾಕಿಗಳ ಸೈಟಿನ ವಿಳಾಸ ಅಂಟಿಸುತ್ತ ದಿನಕ್ಕೆ ನೂರಾರು ಕೊಂಡಿ ಗುಡ್ಡೆಹಾಕುತ್ತಾರೆ. ಚಾರುಲತಾ ದಿನಕ್ಕೆ ಮೂವತ್ತು ಪುಟ ಓದಿ ನಾಲ್ಕು ಪತ್ರ ಬರೆಯುತ್ತಾರೆ. ವಾರಕ್ಕೆ ಒಂದೆರಡು ಉತ್ತರ ಬಂದರೆ ಅದೇ ಹಬ್ಬ. ಅಭಿಜಿತ್ ತಲೆ ಚಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

"ಯಾರ ಮನಿಗೆ ಹೋಗೂಮುಂದ ನಾವು ಬರಿಗೈಲೆ ಹೋಗಂಗಿಲ್ಲ, ಎರಡು ಬಾಳೆಹಣ್ಣರ ಒಯ್ತೇವಿ. ಪತ್ರಾ ಬರಿಯೂದೂ ಹಂಗ ರಿ. ನಿಮ್ಮ ಪುಟದಾಗ ಇದೊಂದು ಲಿಂಕ್ ಕೆಟ್ಟದ ನೋಡ್ರಿ ಅಂತ ಮೊದಲ ಹೇಳ್ತೇನಿ. ನಮ್ಮ ಮಾತು ಆಮ್ಯಾಲೆ," ಎನ್ನುತ್ತಾರೆ ಚಾರುಲತಾ.

ಈ ನಿಧಾನದ ಪರೀಕ್ಷೆ ನಡೆದದ್ದು ಅಭಿಜಿತನ ಗಿರಾಕಿ, ನಾಗಪುರದ ಹತ್ತಿರದ ಕನ್ಹಾನ್‌ನ ಯಲ್ಲಪ್ಪನವರ ವಿಷಯದಲ್ಲಿ. ಶ್ರೀಕಾಂತ ಅವರ ಫ್ಯಾಕ್ಟರಿಯಲ್ಲೇ ಫಿಟರ್ ಆಗಿ ನಿವೃತ್ತರಾದ ಯಲ್ಲಪ್ಪ, ಪೆಟ್ರೊಮ್ಯಾಕ್ಸ್ ದೀಪಗಳ ಪಂಪಿಗೆ ಹಾಕುವ ಚರ್ಮದ ವಾಶರ್, ಹಿತ್ತಾಳೆಯ ಬಿಡಿಭಾಗ ಮಾಡುತ್ತಾರೆ. ಇಲ್ಲಿ ಆ ದೀಪ ಯಾರಿಗೆ ಬೇಕು? ಹಳೆಯ ದೀಪಗಳ ಹುಚ್ಚಿರುವವರು ಹೊರದೇಶಗಳಲ್ಲಿ ಸಾವಿರಾರು ಜನ. ಆದರೆ ಅವರು ಹುಡುಕಿದರೆ ಯಲ್ಲಪ್ಪನವರ ಸೈಟು ಬರುತ್ತಿದ್ದುದು ಹನ್ನೊಂದನೇ ಪುಟದಲ್ಲಿ, ಯಾರೂ ಇಣುಕದ ಕಡೆ. ಇನ್ನು ಆರು ತಿಂಗಳು ನೋಡುವುದು, ಆಗದಿದ್ದರೆ ಹಿತ್ತಾಳೆ ಕಡೆಯುವ ಲೇಥ್ ಯಂತ್ರ ಮಾರಿ ಕೂರುವುದು ಎಂದು ಅವರು ತೀರ್ಮಾನಿಸಿದ್ದರು.

ದೀಪಪ್ರಿಯರೆಲ್ಲ ನಂಬುವ ಸೈಟೊಂದನ್ನು ಆಸ್ಟ್ರೇಲಿಯಾದ ನಿವೃತ್ತ ಮೇಷ್ಟ್ರೊಬ್ಬರು ನಡೆಸುತ್ತಿದ್ದರು. ಅದರಲ್ಲಿ ಕೆಟ್ಟಿದ್ದ ಮೂರು ಕೊಂಡಿಗಳನ್ನು ತೋರಿಸಿಕೊಟ್ಟು, ಚಾರುಲತಾ ಯಲ್ಲಪ್ಪನವರ ಸೈಟಿಗೊಂದು ಕೊಂಡಿ ಕೇಳಿದರು. ಮೇಷ್ಟ್ರು ಧನ್ಯವಾದ ಹೇಳಿ, ಅಂಗಡಿಗಳಿಗೆ ಮಾತ್ರ ನಾವು ಕೊಂಡಿ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡರು. ಚಾರುಲತಾ ಮತ್ತೆ ಕೇಳಲಿಲ್ಲ. ಬಸ್ ಹತ್ತಿ ಕನ್ಹಾನ್‌ಗೆ ಹೋಗಿ, ವಾಶರ್ ಮಾಡುವ ರೀತಿಯನ್ನೆಲ್ಲ ಬಿಡಿಸಿ ಬರೆದು, ಫೋಟೊ ಸಮೇತ ನಿಮ್ಮ ಸೈಟಿನಲ್ಲಿ ಪುಕ್ಕಟೆ ಹಾಕೋಣ ಎಂದು ಯಲ್ಲಪ್ಪನವರಿಗೆ ಹೇಳಿದರು. ಕಲಿಯುವಂಥದ್ದೇನಾದರೂ ಅಲ್ಲಿದ್ದರೆ ಮೇಷ್ಟ್ರಿಗೆ ಅದು ಬರೀ ಅಂಗಡಿ ಅನಿಸುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಯಲ್ಲಪ್ಪ ಎದ್ದು ನಿಂತೇಬಿಟ್ಟರಂತೆ. "ಅಕ್ಕಾರ, ಇದು ನನ್ನ ಹೊಟ್ಟಿಪಾಡು ಐತ್ರಿ. ಜಗತ್ತಿಗೆಲ್ಲಾ ಹೇಳಿಕೊಟ್ಟು ನಾ ಏನ್ ಮಾರ್ಲಿ?"

ಚಾರುಲತಾ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದರು. ಕೇಳಬಾರದ್ದನ್ನು ಕೇಳಿದೆನೇನೋ ಎಂದು ಆ ವಾರವೆಲ್ಲ ಸರಿಯಾಗಿ ಊಟ ಸೇರಲಿಲ್ಲ. ಅಷ್ಟರಲ್ಲಿ ಪಕ್ಕದ ಊರು ಕಾಮ್ಠಿಯ ಗುಜರಿಯವನು ಬಂದು ಯಲ್ಲಪ್ಪನವರ ಲೇಥನ್ನು ತಟ್ಟಿ ತೂಕ ಅಂದಾಜು ಮಾಡಿ ಹೋದ. ಅವತ್ತು ಸಂಜೆಯೇ ಯಲ್ಲಪ್ಪನವರ ಫೋನ್ ಬಂತು.

"ಯಾರಿಗೂ ಕಾಣದ ಅಂಗಡ್ಯಾಗ ಗುಟ್ಟು ಇಟ್ಕೊಂಡು ಏನ್ ಮಾಡೂದೈತ್ರಿ? ಬರ್ಕೊಳ್ರಿ. ಆದ್ರ ಬರೋಬರ್ ಬರೀಬೇಕು. ನೋಡಿ ಮಾಡಿದವಂದು ಕೆಟ್ಟರ ನನ್ನ ಹೆಸರು ಹೋಗ್ತೈತಿ."

ಚಕ್ಕಳವನ್ನು ಎಮ್ಮೆಯ ಬೆನ್ನಿನ ಭಾಗದಿಂದಲೇ ತೆಗೆಯಬೇಕು, ನೆನೆಸಿ ಅಚ್ಚಿಗೆ ಒತ್ತಿ ನೆರಳಲ್ಲೇ ಒಣಗಿಸಬೇಕು, ಆಮೇಲೆ ಬೆಚ್ಚಗಿನ ಔಡಲೆಣ್ಣೆಯಲ್ಲಿ ಬಿಡಬೇಕು. ಯಲ್ಲಪ್ಪ ಒಂದನ್ನೂ ಮುಚ್ಚಿಡಲಿಲ್ಲ, ಚಾರುಲತಾ ಒಂದನ್ನೂ ಬಿಡಲಿಲ್ಲ. ಆ ಪುಟ ಓದಿದ ಆಸ್ಟ್ರೇಲಿಯಾದ ಮೇಷ್ಟ್ರು ತಾವೇ ಮಾಡಿನೋಡಿ, ಎರಡು ಸಲ ಕೆಡಿಸಿ, ಮೂರನೆಯದು ಸರಿಬಂದ ದಿನ ಕೊಂಡಿ ಹಾಕಿದರು. ಅವರನ್ನು ನೋಡಿ ಜರ್ಮನಿಯವರು, ಇಂಗ್ಲೆಂಡಿನವರು. ದೀಪಾವಳಿಯ ಹೊತ್ತಿಗೆ ಕನ್ಹಾನ್‌ನ ಸೈಟು ಮೊದಲ ಪುಟದಲ್ಲಿತ್ತು. ಓದಿದವರಲ್ಲಿ ಬಹಳ ಮಂದಿ, ಅಯ್ಯೋ ಇಷ್ಟು ಉಪದ್ವ್ಯಾಪ ಯಾರಿಗೆ ಬೇಕು, ಕೊಂಡುಕೊಳ್ಳುವುದೇ ವಾಸಿ ಎಂದುಕೊಂಡರು. ಲೇಥ್ ಉಳಿಯಿತು. ಅಭಿಜಿತ್ ಸದ್ಯಕ್ಕೆ ತಲೆ ಚಚ್ಚಿಕೊಳ್ಳುತ್ತಿಲ್ಲ.

ಆದರೆ ಯಲ್ಲಪ್ಪ ಹೆದರಿದ್ದೂ ನಡೆದೇ ಹೋಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ಚಾರುಲತಾ ಅವರಿಗೆ ಪೋಲೆಂಡಿನವನೊಬ್ಬನ ಸೈಟು ಕಣ್ಣಿಗೆ ಬಿತ್ತು. ಯಲ್ಲಪ್ಪನವರ ಪುಟ ಓದಿ ಅವನು ವಾಶರ್ ಮಾಡಲು ಕಲಿತು, ಈಗ ತಾನೇ ಮಾರುತ್ತಿದ್ದಾನೆ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಇವರಿಗಾಗಲಿಲ್ಲ. ಪುಟವನ್ನು ಪ್ರಿಂಟ್ ತೆಗೆದುಕೊಂಡು ಕನ್ಹಾನ್‌ಗೆ ಹೋದರು.

ಯಲ್ಲಪ್ಪ ಕನ್ನಡಕ ಏರಿಸಿ ಫೋಟೊವನ್ನು ತುಂಬ ಹೊತ್ತು ನೋಡಿದರು. "ಚಲೋ ಮಾಡ್ಯಾನ," ಎಂದರು. ಕೆಳಗೆ ಇಂಗ್ಲಿಷಿನಲ್ಲಿ ಏನಿದೆ ಎಂದು ಕೇಳಿದರು. ಈ ವಿದ್ಯೆ ಕಲಿತದ್ದು ಭಾರತದ ಕನ್ಹಾನ್‌ನ ಯಲ್ಲಪ್ಪನವರಿಂದ ಎಂದು ಬರೆದು, ಅವನು ಇವರ ಸೈಟಿಗೆ ಕೊಂಡಿ ಕೊಟ್ಟಿದ್ದ. ಅದನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ. ಯಲ್ಲಪ್ಪ ಕಾಗದವನ್ನು ಮಡಚಿದರು.

"ಅಂವನ ಹೆಸರೂ ನಮ್ಮದರಾಗ ಹಾಕ್ರಿ, ಅಕ್ಕಾರ. ಆ ಕಡೆ ಮಂದಿಗೆ ಅಂವ ಹತ್ರ ಆಗ್ತಾನ."

ಚಾರುಲತಾ ಹೇಳುತ್ತಾರೆ: "ಇಷ್ಟು ವರ್ಷ ಮಂದಿ ಕಡೆ ಲಿಂಕ್ ಕೇಳೂದ ಆತ್ರಿ ನನ್ನ ಕೆಲಸ. ಬ್ಯಾರೇದವ್ರಿಗೆ ನಾವ ಕೊಡೋಣ್ರಿ ಅಂತ ಹೇಳಿದವ್ರು ಇವರೊಬ್ಬರ. ಮರುದಿನ ಬೆಳಿಗ್ಗೆ ಎದ್ದಕೂಡ್ಲೆ ಮೊದಲ ಅದನ್ನ ಹಾಕಿದೆ. ನಾಲ್ಕು ಸಲಾ ಒತ್ತಿ ನೋಡೇನಿ. ಬರೋಬರ್ ತೆರೀತದ."