ಮೈದುನನ ಬಾಯಲ್ಲಿ ‘ನಮ್ಮ ಹುಡುಗಿ’

“ಅವತ್ತು ಎದುರುಗಡೆ ಕುರ್ಚಿ-ಮೇಜಿನ ಅಂಗಡಿ ಹೊಸದಾಗಿ ಬಾಗಿಲು ತೆಗೀತಾ ಇತ್ತು ಅತ್ತಿಗೆ. ಜನ ಸೇರ್ಲಿ ಅಂತ ಬಾಗಿಲ ಮುಂದೆ ಒಂದು ಮೇಜು ಹಾಕಿ, ಅದರ ಮೇಲೆ ಒಂದು ಹುಡುಗಿನ ನಿಲ್ಲಿಸಿ, ಕೈಗೆ ಮೈಕು ಕೊಟ್ಟಿದ್ರು. ಮಾರೋ ಮೇಜೇ ಅದು, ಕಾಲಿಗೆ ಸುತ್ತಿದ್ದ ಕಾಗದ ಕೂಡ ಬಿಚ್ಚಿರಲಿಲ್ಲ. ನಾನಿಲ್ಲಿ ಒಬ್ಬರ ಗಡ್ಡಕ್ಕೆ ಸೋಪು ಹಚ್ಚಿ ಒಂದು ಕೆನ್ನೆ ಮುಗಿಸಿದ್ದೆ. ಆ ಹುಡುಗಿ ಬಾಯಿ ಬಿಟ್ಟಳು ನೋಡಿ, ನನ್ನ ಕೈ ಹಾಗೇ ನಿಂತುಹೋಯ್ತು. ಇನ್ನೊಂದು ಕೆನ್ನೆ ಬಾಕಿ ಇದೆ ಅನ್ನೋದೇ ಮರೆತು ರಸ್ತೆಗೆ ಇಳಿದುಬಿಟ್ಟೆ. ಬಯ್ಯೋಕೆ ಅಂತ ಹಿಂದೇನೇ ಬಂದ ಗಿರಾಕಿ, ಬಯ್ಯೋದು ಬಿಟ್ಟು ಅರ್ಧ ಸೋಪಿನ ಮುಖದಲ್ಲೇ ನಿಂತು ಕೇಳಿದ್ರು. ಸುತ್ತ ಇದ್ದೋರೆಲ್ಲ ದಿಂಬು ಪುಕ್ಕಟೆ ಕೊಡ್ತಾರೆ ಅಂತ ಬಂದೋರು, ಅವರಿಗೆ ಹಾಡು ಯಾಕೆ? ಮುಗಿದಾಗ ಚಪ್ಪಾಳೆ ಹೊಡೆದವನು ನಾನೊಬ್ಬನೇ. ಕೈತುಂಬಾ ಸೋಪಲ್ವಾ, ಪಚಕ್ ಪಚಕ್ ಅಂತ ಸದ್ದು! ಆದ್ರೂ ಬಿಡ್ಲಿಲ್ಲ. ಆ ಹುಡುಗಿ ಪೂರ್ತಿ ಕಣ್ಣು ಮುಚ್ಚಿಕೊಂಡೇ ಹಾಡಿದ್ಳು ಅತ್ತಿಗೆ. ಹಾಡಲ್ಲಿ ಅಷ್ಟು ಮುಳುಗಿಹೋಗೋದು ಅಂದ್ರೆ ಸುಮ್ನೆ ಮಾತಲ್ಲ.”

ಇದು ನನ್ನ ಮೈದುನನ ಮಾತು. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವನ ಕ್ಷೌರದಂಗಡಿ ಕೆಳಗೆ, ನನ್ನ ಕೋಣೆ ಮೇಲೆ. ನಡುವೆ ಹಲಗೆಯ ನೆಲ. ಕೆಳಗಿನ ಮಾತು, ನಗು, ಸೋಪಿನ ವಾಸನೆ ಎಲ್ಲವೂ ಹಲಗೆಯ ಸಂದಿಯಿಂದ ಮೇಲೆ ಬರುತ್ತದೆ. ಮಂಡಿನೋವಿನಿಂದ ನಾನು ಕೆಳಗಿಳಿಯುವುದು ಕಡಿಮೆ. ಆದರೆ ಆ ಅಂಗಡಿಯಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಇಲ್ಲ.

ಆ ದಿನದಿಂದ ಅವಳು ಎಲ್ಲಿ ಹಾಡಿದರೂ ಇವನು ಹಾಜರು. ಅಂಗಡಿಗಳ ಆರಂಭ, ಮದುವೆ ಮಂಟಪ, ಶಾಲೆಯ ವಾರ್ಷಿಕೋತ್ಸವ, ಒಂದು ಸಲ ಟೈರು ಕಾರ್ಖಾನೆಯ ಗೇಟಿನ ಎದುರು. ಕರೆಯದ ಮದುವೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಕೇಳಿ, ಊಟಕ್ಕೆ ಕೂರದೆ ವಾಪಸು ಬರುತ್ತಿದ್ದ. “ಮದುವೆಗೆ ಹೋಗಿ ಉಪವಾಸ ಬರೋ ಗಂಡಸನ್ನ ನಾನು ಎಲ್ಲೂ ಕಂಡಿಲ್ಲಮ್ಮ,” ಎಂದು ಅವನ ಹೆಂಡತಿ, ನನ್ನ ವಾರಗಿತ್ತಿ, ತಟ್ಟೆ ಕುಕ್ಕುತ್ತಿದ್ದಳು.

ಆಮೇಲೆ ಅವಳ ಹಾಡು ರೇಡಿಯೋದಲ್ಲಿ ಬರತೊಡಗಿತು. ಅಲ್ಲಿಂದ ಶುರುವಾಯಿತು ನೋಡಿ ಗಿರಾಕಿಗಳ ಪಾಡು. ನನ್ನ ಮೈದುನನ ಕತ್ತರಿ ಅವಳ ತಾಳಕ್ಕೆ ತಕ್ಕಂತೆ ಓಡುತ್ತಿತ್ತು. ನಿಧಾನದ ಹಾಡು ಬಂದರೆ ಗಿರಾಕಿಯ ಒಂದು ಕಿವಿಯ ಮೇಲೆ ಕೂದಲು ಹಾಗೇ ಉಳಿದು, ಅವನು ಗೋಡೆ ನೋಡುತ್ತ ಕೂತಿರಬೇಕು. ಬಿರುಸಿನ ಹಾಡು ಬಂದರೆ ತಲೆ ಬೋರಲು ಹಾಕಿದ ಚೆಂಬಿನಂತಾಗಿ ಏಳುತ್ತಿತ್ತು. ರೇಡಿಯೋ ಸಣ್ಣಗೆ ಹಾಕಿ ಸದ್ದು ನನಗೆ ಕೇಳಿಸದಿದ್ದಾಗಲೂ ಕತ್ತರಿಯ ಸದ್ದಿನಿಂದಲೇ ಯಾವ ಹಾಡು ಎಂದು ಹೇಳಬಲ್ಲವಳಾಗಿದ್ದೆ. ಓಣಿಯ ತಾಯಂದಿರು ಮಕ್ಕಳನ್ನು ಕಳಿಸುವಾಗ, “ಯಾವ ಹಾಡು ಬರ್ತಿದೆ ಅಂತ ಕೇಳ್ಕೊಂಡು ಆಮೇಲೆ ಕುರ್ಚಿ ಹತ್ತು,” ಎಂದು ಬುದ್ಧಿ ಹೇಳುತ್ತಿದ್ದರು. ಆದರೂ ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ. ಬೇರೆ ಕಡೆ ಬರೀ ಕೂದಲು ಕತ್ತರಿಸುತ್ತಾರೆ, ಇಲ್ಲಿ ನಗು ಸಿಗುತ್ತದೆ.

ಅವಳು ದೊಡ್ಡ ಗಾಯಕಿಯಾದಳು. ಗೋಡೆಗೋಡೆಯ ಮೇಲೂ ಅವಳ ಮುಖ. ನನ್ನ ಮೈದುನ ಮಾತ್ರ ಅವಳ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ‘ನಮ್ಮ ಹುಡುಗಿ’ ಎಂದೇ ಹೇಳುತ್ತಿದ್ದ. “ನಮ್ಮ ಹುಡುಗಿಗೆ ಬಹುಮಾನ ಬಂತು.” “ನಮ್ಮ ಹುಡುಗಿಗೆ ಗಂಟಲು ಕೆಟ್ಟಿದೆಯಂತೆ, ಬಿಸಿನೀರು ಕುಡೀಬೇಕಪ್ಪ.” ಕೇಳಿದವರು ಇವನಿಗೂ ಅವಳಿಗೂ ಏನೋ ಹಳೆಯ ಪರಿಚಯ ಇದೆ ಎಂದುಕೊಂಡರು. ಇದೆ ಎಂದು ಇವನು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ನಾನು ಒಮ್ಮೆ ಕೇಳಿದ್ದೆ, “ಅಲ್ವೋ, ಒಂದು ಸಲವಾದ್ರೂ ಅವಳ ಹತ್ರ ಮಾತಾಡಿದ್ದೀಯೇನೋ?”

“ಇಲ್ಲ ಅತ್ತಿಗೆ. ಮಾತಾಡೋಕೆ ಏನಿದೆ? ಅವಳು ಹಾಡ್ತಾಳೆ, ನಾನು ಕೇಳ್ತೀನಿ. ಇಬ್ಬರಿಗೂ ಕೈತುಂಬಾ ಕೆಲಸ.”

ಹಳೆಯ ಪರಿಚಯದ ಮಾತನ್ನು ನಂಬದಿದ್ದವನು ಒಬ್ಬನೇ, ನಿವೃತ್ತ ಬಸ್ ಕಂಡಕ್ಟರ್. ಬಾಯಿ ತೆರೆದರೆ ‘ರೈಟ್ ರೈಟ್’ ಎನ್ನುತ್ತಿದ್ದುದರಿಂದ ಓಣಿಗೆಲ್ಲ ಅವನು ರೈಟಪ್ಪ. ದಿನಾ ಗಡ್ಡ ಹೆರೆಸಿಕೊಳ್ಳಲು ಬಂದವನು, “ಏನಯ್ಯಾ, ನಿಮ್ಮ ಹುಡುಗಿ ನಿನ್ನ ಕ್ಷೇಮ ಸಮಾಚಾರ ಕೇಳಿದ್ಳಾ? ರೈಟ್ ರೈಟ್, ಕೇಳಿರ್ತಾಳೆ ಬಿಡು,” ಎಂದು ಕನ್ನಡಿಯಲ್ಲಿ ಹಲ್ಲು ಕಿಸಿಯುತ್ತಿದ್ದ. ಗಂಟಲ ಹತ್ತಿರ ಕತ್ತಿ ಇರುವಾಗಲೂ ಅಣಕಿಸುವ ಧೈರ್ಯ ಅವನಿಗೊಬ್ಬನಿಗೇ ಇತ್ತು.

ಹೀಗಿರುವಾಗ ಅವಳು ನಮ್ಮ ಊರಿನ ದೊಡ್ಡ ಸಭಾಂಗಣದಲ್ಲಿ ಹಾಡುತ್ತಾಳೆಂದು ಸುದ್ದಿ ಬಂತು. ಓಣಿಯ ಜನ ಒಂದು ವ್ಯಾನು ಮಾಡಿಕೊಂಡರು. ಸಭಾಂಗಣದ ಮೈಕಿನವನು ನಮ್ಮ ಅಂಗಡಿಯ ಗಿರಾಕಿ. ಅವನು ಉಬ್ಬಿಹೋಗಿ, “ಹಾಡು ಮುಗಿದ ಮೇಲೆ ನಿಮ್ಮನ್ನೆಲ್ಲ ಒಳಗೆ ಕರ್ಕೊಂಡು ಹೋಗ್ತೀನಿ. ಇವರು ಹಳೇ ಪರಿಚಯ ಅಲ್ವಾ!” ಎಂದ. ಕೆಳಗೆಲ್ಲ ಸಂಭ್ರಮ. ಕತ್ತರಿಯ ಸದ್ದು ಮಾತ್ರ ನಿಂತಿತ್ತು.

ಸಂಜೆ ಅವನು ಮೇಲೆ ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತ.

“ಅತ್ತಿಗೆ, ಅವಳಿಗೆ ನನ್ನ ಗುರುತು ಸಿಗದಿದ್ರೆ?”

“ಸಿಗದಿದ್ರೆ ನಿನ್ನ ಕತ್ತರಿ ಕಿತ್ಕೊಳ್ತಾರೇನು?”

“ಕತ್ತರಿ ಹೋದ್ರೆ ಹೋಗ್ಲಿ. ಆಮೇಲೆ ಯಾವ ಬಾಯಲ್ಲಿ ‘ನಮ್ಮ ಹುಡುಗಿ’ ಅನ್ಲಿ?”

ನಾನು ಅವನ ಬೆನ್ನು ಸವರಿದೆ. ಬೆಳೆದ ಮೊಮ್ಮಕ್ಕಳಿರುವ ಗಂಡಸು, ಮೊದಲ ದಿನ ಶಾಲೆಗೆ ಹೊರಟ ಮಗುವಿನಂತೆ ಉಗುರು ಕಚ್ಚುತ್ತಿದ್ದ.

ನನ್ನನ್ನೂ ಎತ್ತಿ ಕೂರಿಸಿಕೊಂಡೇ ವ್ಯಾನು ಹೊರಟಿತು. ಹಾಡು ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಅಷ್ಟು ಜನ ಕೂತಲ್ಲಿ ಒಂದು ಕೆಮ್ಮು ಕೇಳಲಿಲ್ಲ, ಅಷ್ಟು ಬಲ್ಲೆ.

ಮುಗಿದ ಮೇಲೆ ಮೈಕಿನವನು ಹಿಂದಿನ ಕೋಣೆಗೆ ಕರೆದೊಯ್ದ. ಗೋಡೆಯುದ್ದಕ್ಕೂ ಕನ್ನಡಿ, ಅದರ ಸುತ್ತ ಬಲ್ಬುಗಳು. ಅವಳು ಕೂದಲಿನಿಂದ ಪಿನ್ನುಗಳನ್ನು ಕಿತ್ತು ತಟ್ಟೆಗೆ ಹಾಕುತ್ತಿದ್ದಳು. ನನ್ನ ವಾರಗಿತ್ತಿಯಂತೆಯೇ ಒಂದು ಪಿನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

“ಅಮ್ಮಾ, ನೀವು ಮೊದಲ ಸಲ ಹಾಡಿದ ರಸ್ತೆಯವರು ಇವರು. ನಿಮ್ಮ ಹಳೇ ಪರಿಚಯ,” ಎಂದ ಮೈಕಿನವನು.

ಅವಳು ಎದ್ದೇಬಿಟ್ಟಳು. ಬಾಯಿಂದ ಪಿನ್ನು ತೆಗೆದು, ನನ್ನ ಮೈದುನನ ಎರಡೂ ಕೈ ಹಿಡಿದುಕೊಂಡಳು. “ಅಯ್ಯೋ, ಕುರ್ಚಿ ಅಂಗಡಿ ಯಜಮಾನರು! ನಿಮ್ಮ ಮೇಜೇ ನನ್ನ ಮೊದಲನೇ ವೇದಿಕೆ. ನಿಮ್ಮನ್ನ ಮರೀತೀನಾ?”

ಬಾಗಿಲಲ್ಲಿ ರೈಟಪ್ಪ ಕತ್ತು ಚಾಚಿ ನಿಂತಿದ್ದ. ವಾರಗಿತ್ತಿ ಗಂಡನ ಪಕ್ಕೆಗೆ ತಿವಿದು, “ಹೂಂ ಅನ್ರೀ, ಹೂಂ ಅನ್ರೀ,” ಎಂದು ಪಿಸುಗುಟ್ಟಿದಳು. ಕುರ್ಚಿ ಅಂಗಡಿಯವನು ಊರು ಬಿಟ್ಟು ಯಾವ ಕಾಲವಾಯಿತೋ. ಹೂಂ ಎಂದರೆ ಕೇಳುವವರಿರಲಿಲ್ಲ.

ಮೈದುನ ಅವಳ ಕೈಯನ್ನೇ ನೋಡಿದ. ನಿಧಾನವಾಗಿ ತನ್ನ ಕೈ ಬಿಡಿಸಿಕೊಂಡ.

“ಅಲ್ಲಮ್ಮ. ನಾನು ಎದುರುಗಡೆ ಕ್ಷೌರದಂಗಡಿಯವನು. ಅವತ್ತಿಂದ ನಿಮ್ಮ ಹಾಡು ಎಲ್ಲಿದ್ರೂ ಬಂದು ನಿಂತು ಕೇಳ್ತಿದ್ದೆ. ಮಾತಾಡ್ಸಿಲ್ಲ.”

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ನೆನಪಾಯಿತು ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಗೌರವ.

“ಗುರುತು ಸಿಗ್ತಿಲ್ಲಪ್ಪ, ಬೇಜಾರು ಮಾಡ್ಕೋಬೇಡಿ. ಆಗೆಲ್ಲ ನಾನು ಕಣ್ಣೇ ಬಿಡ್ತಿರಲಿಲ್ಲ. ಜನ ಕಂಡ್ರೆ ಅಷ್ಟು ಭಯ. ಕಾಲು ನಡುಗಿ ಆ ಮೇಜೇ ಗಡಗಡ ಅಲ್ಲಾಡ್ತಿತ್ತು. ಎಷ್ಟೋ ವರ್ಷ ಎದುರಿಗೆ ಯಾರಿದ್ರು ಅಂತ ನೋಡದೇನೇ ಹಾಡಿದ್ದೀನಿ.”

“ಭಯಾನಾ?” ಮೈದುನನ ಬಾಯಿ ತೆರೆದೇ ಇತ್ತು. “ಹಾಡಲ್ಲಿ ಮುಳುಗಿಹೋಗಿದೀರಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ಲಮ್ಮ ನಾನು!”

“ಮುಳುಗಿದ್ದಂತೂ ನಿಜ. ಈಜು ಬರ್ತಿರಲಿಲ್ಲ, ಅಷ್ಟೇ.”

ಒಂದು ಕ್ಷಣ ಅವನು ಕಣ್ಣು ಮಿಟುಕಿಸಿದ. ಆಮೇಲೆ ನಗತೊಡಗಿದ. ಅವಳೂ ನಕ್ಕಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಓಣಿಯ ಜನ ಕಣ್ಣು ಬಿಟ್ಟುಕೊಂಡು ನೋಡಿದರು. ಬೇರೆಯವರು ಕಾಯುತ್ತಿದ್ದಾರೆಂದು ಯಾರೋ ಬಂದು ಕರೆದಾಗ ನಾವು ಹೊರಬಂದೆವು.

ವ್ಯಾನಿನಲ್ಲಿ ವಾರಗಿತ್ತಿ ಗುರ್ರೆಂದಳು. “ಒಂದು ಹೂಂ ಅನ್ನೋಕೆ ಏನ್ರೀ ನಿಮ್ಮ ಗಂಟು ಹೋಗ್ತಿತ್ತು? ಕೈ ಹಿಡ್ಕೊಂಡಿದ್ಳಲ್ಲ!”

“ಹೂಂ ಅಂದಿದ್ರೆ, ಅವಳು ಹಿಡಿದಿದ್ದು ಕುರ್ಚಿ ಅಂಗಡಿಯವನ ಕೈ ಆಗಿಬಿಡ್ತಿತ್ತು ಕಣೇ.”

ಸ್ವಲ್ಪ ದೂರ ಹೋದ ಮೇಲೆ ವಾರಗಿತ್ತಿ ತನ್ನ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

ಮರುದಿನ ಬೆಳಿಗ್ಗೆ ರೈಟಪ್ಪ ಎಲ್ಲರಿಗಿಂತ ಮೊದಲು ಬಂದ. ನಾನು ಮೇಲೆ ಕಿವಿ ಚೂಪು ಮಾಡಿ ಕೂತೆ. ಕುರ್ಚಿ ಕಿರುಗುಟ್ಟಿತು, ಬ್ರಷ್ಷು ಬಟ್ಟಲಿನಲ್ಲಿ ತಿರುಗಿತು.

“ಏನಯ್ಯಾ, ಇನ್ನು ಮೇಲೆ ಏನಂತೀಯ ಅವಳಿಗೆ?”

“ನಮ್ಮ ಹುಡುಗಿ ಅಂತೀನಿ. ಮತ್ತೇನನ್ಲಿ?”

“ನಿನ್ನ ಗುರುತೇ ಇಲ್ಲವಲ್ಲಯ್ಯಾ ಅವಳಿಗೆ!”

“ಅವಳಿಗೆ ಯಾಕಿರಬೇಕು? ಕೇಳಿದೋನು ನಾನು. ನಡುಗ್ತಾ ನಡುಗ್ತಾ ಹಾಡಿದ್ಳಂತೆ ರೈಟಪ್ಪ. ನಾವಾಗಿದ್ರೆ ಮೇಜಿಂದ ಹಾರಿ ಓಡಿಹೋಗ್ತಿದ್ವಿ. ನಮ್ಮ ಹುಡುಗಿ ಓಡಿಹೋಗ್ಲಿಲ್ಲ.”

“ರೈಟ್ ರೈಟ್,” ಎಂದ ರೈಟಪ್ಪ. ಈ ಸಲ ಅದರಲ್ಲಿ ಅಣಕವಿರಲಿಲ್ಲ. “ಈಗ ಆ ಎಡಗಡೆ ಮೀಸೆ ಸರಿಯಾಗಿ ನೋಡು ಮಾರಾಯ, ನಿನ್ನೆ ಏರುಪೇರು ಮಾಡಿದ್ದೀಯ.”

ಅವನು ಹೋದ ಮೇಲೆ ಮೈದುನ ಬಳಸಿದ ಟವೆಲ್ಲುಗಳನ್ನು ಬಕೆಟ್ಟಿಗೆ ಹಾಕಿ ಹಿತ್ತಿಲಿಗೆ ಒಯ್ದ. ಕಿಟಕಿಯಿಂದ ನೋಡಿದೆ. ಒಂದೊಂದನ್ನೇ ಜಾಲಿಸಿ, ಹಿಂಡಿ, ಕೊಡವಿ ಹಗ್ಗದ ಮೇಲೆ ಹರವುತ್ತಿದ್ದ. ಕ್ಲಿಪ್ಪುಗಳು ಸಾಲದೆ, “ಅತ್ತಿಗೆ, ನಿಮ್ಮ ಹತ್ರ ಎರಡು ಕ್ಲಿಪ್ಪಿದ್ರೆ ಎಸೀರಿ,” ಎಂದು ಕೂಗಿದ. ನಾನು ಎಸೆದೆ.