ಉಡನ ಕೈಗೆ ಬ್ರೇಕು

ಜನ ಅವನನ್ನು ಉಡ ಎಂದೇ ಕರೆಯುತ್ತಿದ್ದರು. ಹಿಡಿದರೆ ಉಡದ ಪಟ್ಟು. ಅವನು ಸ್ಪ್ಯಾನರ್ ಹಿಡಿದು ತನ್ನ ಗ್ಯಾರೇಜಿನ ಶೆಡ್ಡಿಗೆ ಕಾಲಿಟ್ಟರೆ ಅರ್ಧದಷ್ಟು ನಟ್ಟುಗಳು ಮರ್ಯಾದೆಯಾಗಿ ತಾವೇ ಸಡಿಲಾಗುತ್ತಿದ್ದವು. ಮನೆಯಲ್ಲಿ ಅವನು ಮುಚ್ಚಿದ ನಲ್ಲಿಯನ್ನು ತೆರೆಯಲು ಹೆಂಡತಿ ಪಕ್ಕದ ಮನೆಯವರನ್ನೂ ಅವರ ಅಳಿಯನನ್ನೂ ಕರೆಯಬೇಕಾಗುತ್ತಿತ್ತು.

ಅಂಥವನ ಕೈಯಲ್ಲೇ, ಅದೂ ಸ್ವಂತ ಅಕ್ಕನ ಕಾರಿನ ಬೋಲ್ಟು, ಟಕ್ಕೆಂದು ಮುರಿಯಿತು.

ಅಕ್ಕ ಬಹಳ ವರ್ಷ ಬೇರೆಯವರ ಬಸ್ಸು ಓಡಿಸಿ, ಈಗ ತನ್ನದೇ ಡ್ರೈವಿಂಗ್ ಶಾಲೆ ತೆರೆಯಲು ಹೊರಟಿದ್ದಳು. ಶಾಲೆ ಎಂದರೆ ಒಂದು ಬೋರ್ಡು, ಈ ಹಳೇ ಕಾರು, ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿಯೋ ಲೈಬ್ರರಿಯಿಂದ ನಿವೃತ್ತರಾದ ಹಿರಿಯರು. ಜೀವಮಾನವೆಲ್ಲ ‘ಶ್‌’ ಎನ್ನುತ್ತಲೇ ಬದುಕಿದವರು. ಚಮಚ ಬಿದ್ದರೆ ಕುರ್ಚಿ ಹತ್ತುವವರು. ಮರುದಿನ ಬೆಳಿಗ್ಗೆ ಅವರ ಮೊದಲ ಪಾಠ. ಕಾರಿನಲ್ಲಿ ಎಂಜಿನ್ನಿಗೂ ಹೊಗೆಕೊಳವೆಗೂ ನಡುವೆ ಹೊಗೆ, ಸದ್ದು ಸೋರದಂತೆ ತಡೆಯುವ ಪ್ಯಾಕಿಂಗ್ ಸುಟ್ಟುಹೋಗಿತ್ತು. ಸ್ಟಾರ್ಟ್ ಮಾಡಿದರೆ ಎದುರುಮನೆಯ ಕಿವುಡಜ್ಜ ‘ಯಾರದು ಬಾಗಿಲು ಬಡಿಯೋದು?’ ಎಂದು ಎದ್ದುಬರುವಷ್ಟು ಅಬ್ಬರ. ಇರುವ ಒಬ್ಬರೂ ಹೆದರಿ ಓಡಿದರೆ, ಶಾಲೆ ತೆರೆಯುವ ಮೊದಲೇ ರಜೆ.

‘ಹೊಸ ಪ್ಯಾಕಿಂಗ್ ತಾನೆ? ಟೀ ಆರೋದ್ರೊಳಗೆ ಮುಗಿಸ್ತೀನಿ’ ಎಂದಿದ್ದ ಉಡ. ಈಗ ಟೀ ಆರಿತ್ತು, ಕೊಳವೆ ಕಳಚಿತ್ತು. ಬೋಲ್ಟಿನ ತಲೆ ಅವನ ಕೈಯಲ್ಲಿ, ಮುಂಡ ಎಂಜಿನ್ನಿನೊಳಗೆ.

‘ಬೋಲ್ಟೇ ಕಳಪೆ ಅಕ್ಕಾ.’

‘ಹೌದಪ್ಪಾ, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು.’

ಮುರಿದ ತುಂಡಿನ ತುದಿಗೆ ಒಂದು ನಟ್ಟನ್ನು ವೆಲ್ಡಿಂಗ್ ಮಾಡಿ, ಅದನ್ನೇ ತಲೆಯಾಗಿಸಿ ತಿರುಗಿಸುವುದು ಕಸುಬಿನ ಉಪಾಯ. ಉಡ ಹಾಗೇ ಬೆಸೆದ, ಎಳೆದ. ನಟ್ಟು ಕಿತ್ತು ಹಾರಿ ಗೋಡೆಯ ಗಡಿಯಾರಕ್ಕೆ ಬಡಿದು ಇಡೀ ಬೀದಿಯಲ್ಲಿ ಕಾಲವೇ ನಿಂತಿತು. ಇನ್ನೊಂದು ಬೆಸೆದ, ಅದೂ ಕಿತ್ತಿತು. ಪ್ರತಿ ಸಲವೂ ತುಂಡಿನ ಚೂರು ಹೋಗಿ, ಹೊರಗೆ ಉಳಿದದ್ದು ಉಗುರಿನಷ್ಟು ಮೋಟು. ಇನ್ನೊಮ್ಮೆ ಮುರಿದರೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕು, ಅದು ವಾರದ ಕೆಲಸ.

‘ಬೋಲ್ಟ್ ಬಿಚ್ತಾ ಇದೀಯೋ, ಹಲ್ಲು ಕೀಳ್ತಾ ಇದೀಯೋ?’ ಎಂದಳು ಅಕ್ಕ. ‘ಕೆಸರಲ್ಲಿ ಹೂತ ಬಸ್ಸನ್ನ ಒಂದೇ ದಮ್ಮಿಗೆ ಎಳೀತಾರೇನೋ? ಒಂಚೂರು ಹಿಂದೆ, ಒಂಚೂರು ಮುಂದೆ, ತೊಟ್ಲು ತೂಗಿದ ಹಾಗೆ.’

‘ನಂಗೊತ್ತಿಲ್ವಾ ಅದು?’

ಗೊತ್ತಿತ್ತು. ಶೆಡ್ಡಿಗೆ ಬಂದವರಿಗೆಲ್ಲ ಅವನೇ ಅದನ್ನು ಬೋಧಿಸುತ್ತಿದ್ದ. ಅವನ ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮೂರನೆಯ ನಟ್ಟು ಬೆಸೆದು, ಬಿಸಿ ಇಳಿಯುವ ಮೊದಲೇ ಮೇಣದಬತ್ತಿ ತಾಗಿಸಿದ. ಮೇಣ ಕರಗಿ, ಎಣ್ಣೆ ಬಿಟ್ಟ ಹಾಗೆ ಸಂದಿಯೊಳಗೆ ಇಳಿಯಿತು. ಅಕ್ಕ ಪಕ್ಕದಲ್ಲೊಂದು ಡಬ್ಬ ಬೋರಲು ಹಾಕಿ ಕೂತಳು.

‘ಮೊದಲು ಒಂಚೂರು ಬಿಗಿ. ಸಾಕು. ಈಗ ಸಡಿಲ. ಸಾಕು ಅಂದ್ನಲ್ಲೋ! ಬ್ರೇಕ್, ಬ್ರೇಕ್!’ ಅವಳ ಬಲಗಾಲು ಇಲ್ಲದ ಬ್ರೇಕನ್ನು ನೆಲದ ಮೇಲೆ ಒತ್ತುತ್ತಿತ್ತು.

ಹಿಡಿಯುವುದಕ್ಕಿಂತ ಬಿಡುವುದೇ ಉಡನಿಗೆ ಕಷ್ಟವಾಯಿತು. ಅವನ ಬೆವರಿಗೆ ಶೆಡ್ಡಿನ ಸ್ಟೂಲುಗಳು ತೇಲತೊಡಗಿದವು. ಬಿಗಿ, ಸಡಿಲ, ಬಿಗಿ, ಸಡಿಲ. ಕೊನೆಗೆ ತುಂಡು ಕಿರ್ರೆಂದು ಗೊಣಗಿ, ಮುನಿಸು ಬಿಟ್ಟ ಬೀಗರಂತೆ ಮೆಲ್ಲಮೆಲ್ಲಗೆ ತಿರುಗುತ್ತ ಹೊರಗೆ ಬಂತು.

‘ಅಕ್ಕಾ, ಬಂತು!’

‘ಪಾಸು. ನನ್ನ ಶಾಲೆಯ ಮೊದಲನೇ ವಿದ್ಯಾರ್ಥಿ ನೀನೇ ಕಣೋ, ದಡ್ಡ.’

ರಾತ್ರಿಯೇ ಹೊಸ ಬೋಲ್ಟು, ಹೊಸ ಪ್ಯಾಕಿಂಗ್ ಕೂತವು. ಬೆಳಿಗ್ಗೆ ಹಿರಿಯರು ಬಂದು, ಕಿವಿಗೆ ಹತ್ತಿ ತುರುಕಿಕೊಂಡೇ ಸೀಟಿನಲ್ಲಿ ಕೂತು, ಕೀ ತಿರುಗಿಸಿದರು. ಏನೂ ಕೇಳಿಸಲಿಲ್ಲ. ಹತ್ತಿ ತೆಗೆದರು. ಆಗಲೂ ಇಲ್ಲ.

‘ಸ್ಟಾರ್ಟ್ ಆಗ್ಲಿಲ್ಲ ಅನ್ಸುತ್ತಮ್ಮಾ’ ಎನ್ನುತ್ತ, ಅಕ್ಕ ತಡೆಯುವ ಮೊದಲೇ, ಮತ್ತೊಮ್ಮೆ ತಿರುಗಿಸಿಬಿಟ್ಟರು. ಓಡುತ್ತಿದ್ದ ಎಂಜಿನ್ ಕರ್ರನೆ ಕಿರುಚಿತು. ಹಿರಿಯರು ಅದಕ್ಕಿಂತ ಜೋರಾಗಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವರು ಕಾರಿನಿಂದಿಳಿದು, ಹೊರಗೆ ನೋಡುತ್ತ ನಿಂತಿದ್ದ ಉಡನ ಬೆನ್ನ ಹಿಂದಿದ್ದರು. ಉಡನ ಮುಖ ಹುಳ್ಳಗಾಯಿತು.

ಪಕ್ಕದ ಸೀಟಿನಲ್ಲಿದ್ದ ಅಕ್ಕ ಕೂತಲ್ಲಿಂದ ಅಲುಗಲಿಲ್ಲ. ‘ಅದು ಆಗ್ಲೇ ಓಡ್ತಾ ಇತ್ತು ಸಾರ್. ಬನ್ನಿ, ನೀವೇ ಕೇಳಿ ನೋಡಿ.’

ಹಿರಿಯರು ಅಡಿ ಮೇಲೆ ಅಡಿಯಿಟ್ಟು ಬಂದು ಬಾನೆಟ್ಟಿಗೆ ಕಿವಿಗೊಟ್ಟರು. ಮುಖ ಅರಳಿತು. ‘ಶ್‌’ ಎಂದು ಉಡನನ್ನು ಗದರಿದರು, ಅವನು ತುಟಿ ಬಿಚ್ಚಿರದಿದ್ದರೂ. ಆಮೇಲೆ ಸೀಟಿಗೆ ಮರಳಿದರು.

‘ಈಗ ಒಂಚೂರು ಮುಂದೆ’ ಎಂದಳು ಅಕ್ಕ.

ಕಾರು ಮೆಲ್ಲಗೆ ಹೊರಟಿತು. ಬೀದಿಯಲ್ಲಿ ನಿಂತಿದ್ದ ಉಡನ ಬಲಗಾಲು ತಾನೇತಾನಾಗಿ ನೆಲವನ್ನು ಒತ್ತುತ್ತಿತ್ತು.