ಕ್ಯಾಸೆಟ್ಟಿನಲ್ಲಿ ನಾನು ಬಿಟ್ಟ ಹೆಸರು

ಹಾಡು ಕಟ್ಟುವವನಿಗೆ ನಾಚಿಕೆ ಇರಬಾರದು ಅನ್ನುತ್ತಾರೆ. ನನಗೂ ಇರಲಿಲ್ಲ. ಈಗ ಬಂದಿದೆ, ಬಂದು ಏನು ಪ್ರಯೋಜನ! ನನ್ನ ಹೆಸರು ಅಶ್ವತ್ಥಪ್ಪ, ಊರು ಬ್ಯಾಟರಾಯನಪುರ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ, ರಜೆ ಸಿಕ್ಕರೆ ಮದುವೆಮನೆಗಳಿಗೆ ಹಾಡು ಬರೆಯುವ ಚಟ. ಹೇಳಹೊರಟಿರುವುದು ನಮ್ಮವ್ವ ಅಕ್ಕಯ್ಯಮ್ಮನ ಬದುಕನ್ನು. ಅದನ್ನು ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ಹೋಗಲಿ.

ಅವ್ವ ನಮ್ಮಪ್ಪನಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಚೆನ್ನಕ್ಕ, ಪಟೇಲರ ಮನೆಯ ಮಗಳು. ಮಕ್ಕಳಾಗುವ ಮೊದಲೇ ಜ್ವರ ಬಂದು ತೀರಿಕೊಂಡಳು. ಅವ್ವ ಚಿಕ್ಕಜಾಲದವಳು, ಹದಿನಾರಕ್ಕೇ ಗಂಡನನ್ನು ಕಳೆದುಕೊಂಡವಳು. ಅಪ್ಪ ಅವಳನ್ನು ಕೂಡಿಕೆ ಮಾಡಿಕೊಂಡ. ಕೂಡಿಕೆ ಅಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವುದು, ಓಲಗವಿಲ್ಲ, ಹಸೆಯಿಲ್ಲ. ಅಂಥವಳು ಮದುವೆಗಳಲ್ಲಿ ಆರತಿ ಎತ್ತುವ ಹಾಗಿಲ್ಲ. ಅವಳ ಮಕ್ಕಳು ಮೊಮ್ಮಕ್ಕಳ ಸಂಬಂಧ ಅಂದರೆ ಜನ ಮೂಗು ಮುರಿಯುತ್ತಾರೆ. ಅಪ್ಪ ಬೇಗ ಹೋಗಿಬಿಟ್ಟ. ಎರಡು ಎಮ್ಮೆ ಕಟ್ಟಿ, ಹೆಬ್ಬಾಳದ ಹೋಟೆಲುಗಳಿಗೆ ಹಾಲು ಹೊತ್ತು, ನನ್ನನ್ನು ಎಸ್ಸೆಸ್ಸೆಲ್ಸಿ ದಾಟಿಸಿದವಳು ಅವ್ವ.

೧೯೮೩ರಲ್ಲಿ ಕ್ಯಾಸೆಟ್ ಕಂಪನಿಯವನೊಬ್ಬ, "ಎಲ್ರೂ ದೇವ್ರ ಹಾಡೇ ತರ್ತಾರೆ ಕಣ್ರೀ, ಬೇರೆ ಏನಾದ್ರೂ ತನ್ನಿ" ಅಂದ. ನಮ್ಮ ವಂಶದ ಮೇಲೆಯೇ ಬರೆಯೋಣ ಅನ್ನಿಸಿತು. ಮೂಲಪುರುಷ ಬ್ಯಾಟರಾಯಪ್ಪನಿಂದ ಹಿಡಿದು ಏಳು ತಲೆಗೆ ಏಳು ಹಾಡು, ಎಂಟನೆಯದು ಹೆತ್ತ ತಾಯಿಗೆ. ಆ ಹಿರೀಕರ ಕಥೆ ನನಗೇನು ಗೊತ್ತಿತ್ತು, ಮಣ್ಣು! ಹೇಳಿದವಳು ಅವ್ವ. ಮಧ್ಯಾಹ್ನ ರಾಗಿ ಕೇರುತ್ತ, ಯಾರು ಕೆರೆಗೆ ತೂಬು ಇಡಿಸಿದರು, ಯಾರು ಚಿರತೆಗೆ ಹೆದರಿ ಮರ ಹತ್ತಿ ಕೂತರು, ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಓಲಗವಿಲ್ಲದೆ ಬಂದವಳಿಗೆ ಆ ಮನೆಯ ಏಳು ತಲೆಯೂ ಬಾಯಿಪಾಠ.

ಎಂಟನೆಯ ಹಾಡಿನಲ್ಲಿ ನಾನು ಚೆನ್ನಕ್ಕನ ಹೆಸರು ಹಾಕಿದೆ.

ಹಾರ್ಮೋನಿಯಂ ನುಡಿಸಿದವನು ಆರ್.ಟಿ. ನಗರದ ವಾಜಿದ್, ಅವ್ವನ ಕೈಯ ಮುದ್ದೆ ಎಷ್ಟೋ ಸಲ ಉಂಡವನು. "ಏನ್ ಗುರು, ಅಮ್ಮನ ಹೆಸ್ರು ಅಕ್ಕಯ್ಯಮ್ಮ ಅಲ್ವಾ?" ಅಂದ.

"ಪ್ರಾಸ ಕೂಡಲ್ಲ ಕಣೋ."

"ಅರೆ, ಹೆತ್ತ ತಾಯಿಗಿಂತ ಪ್ರಾಸ ದೊಡ್ಡದಾ? ಥೂ ನಿನ್ನ!" ಎಂದು ಬೈದ. ಬೈದುಕೊಂಡೇ ನುಡಿಸಿದ. ಪ್ರಾಸವೂ ಇಲ್ಲ, ಗೀಸವೂ ಇಲ್ಲ. ಪಟೇಲರ ಮೊಮ್ಮಗ ಅನ್ನಿಸಿಕೊಳ್ಳುವ ಆಸೆ ನನಗೆ, ಅಷ್ಟೇ.

ಕ್ಯಾಸೆಟ್ಟಿನ ಹೆಸರು ‘ಬ್ಯಾಟರಾಯಪ್ಪನ ಬಳ್ಳಿ’. ಎಂಟನೆಯ ಹಾಡೇ ಹೆಚ್ಚು ಓಡಿತು. ಗೊರಗುಂಟೆಪಾಳ್ಯದ ಟೀ ಅಂಗಡಿಯಲ್ಲೂ ಅದೇ. ಅವ್ವನಿಗೂ ಕೇಳಿಸಿದೆ. ಕೊನೆಯವರೆಗೂ ಕೇಳಿ, "ಸಂದಾಗೈತೆ ಕಣಪ್ಪ" ಎಂದು ಎಮ್ಮೆ ಕರೆಯಲು ಎದ್ದುಹೋದಳು. ಸದ್ಯ, ಗೊತ್ತಾಗಲಿಲ್ಲ ಅಂದುಕೊಂಡೆ. ಏಳು ತಲೆ ನೆನಪಿಟ್ಟವಳಿಗೆ ತನ್ನ ಹೆಸರು ಬಿಟ್ಟದ್ದು ಗೊತ್ತಾಗಲಿಲ್ಲವಂತೆ! ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಬುದ್ಧಿ ನನ್ನದು.

ಮೂರು ವರ್ಷ ಕಳೆದು ದೊಡ್ಡ ಮಗಳಿಗೆ ಯಲಹಂಕದಿಂದ ಸಂಬಂಧ ಬಂತು. ಬ್ಯಾಂಕಿನಲ್ಲಿರುವ ಹುಡುಗ, ಮಗಳಿಗೂ ಮನಸ್ಸಿತ್ತು. ಹುಡುಗನ ದೊಡ್ಡಪ್ಪ ಕ್ಯಾಸೆಟ್ ಕೇಳಿಯೇ ನಮ್ಮನ್ನು ಹುಡುಕಿಕೊಂಡು ಬಂದವರು. "ಪಟೇಲರ ರಕ್ತ, ಕೇಳ್ಬೇಕಾ! ಆದ್ರೂ ನಿಮ್ಮ ಹೆಳವನ ಬಾಯಲ್ಲಿ ಒಂದ್ಸಲ ಕೇಳ್ಬಿಟ್ರೆ ತಾಂಬೂಲ ಬದಲಾಯಿಸ್ಕೊಳ್ಳೋಣ" ಅಂದರು. ಹೆಳವರು ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು, ಆಯಾ ವಂಶದವರ ಹೆಸರುಗಳನ್ನು ಮೊದಲಿಂದ ಒಪ್ಪಿಸುವವರು. ನಮ್ಮ ಮನೆಯ ಹೆಳವ ಸಂಗಪ್ಪ. ಅವನು ಹೇಳಿದ್ದಕ್ಕೆ ಎದುರುಮಾತಿಲ್ಲ.

ಸುಗ್ಗಿ ಮುಗಿದು ಸಂಗಪ್ಪ ಬಂದ ಕೂಡಲೇ ಕೆರೆ ಏರಿಯ ಮೇಲೆ ಅವನನ್ನು ಹಿಡಿದೆ. "ಒಂದೇ ಒಂದು ಹೆಸ್ರು ಬಿಟ್ಬಿಡಪ್ಪ, ಮಗಳ ಮದುವೆ ನಿಂತ್ಹೋಗುತ್ತೆ."

ಸಂಗಪ್ಪ ಕೆಂಡವಾದ. "ಒಟ್ಟೆಗಿಲ್ದಿದ್ರೂ ಎಸ್ರು ನುಂಗೋರಲ್ಲ ನಾವು. ಅದೂ ಬದ್ಕಿರೋ ತಾಯಿ ಎಸ್ರು! ಆವಮ್ಮನೇ ಬಾಯ್ಬಿಟ್ಟು ಬ್ಯಾಡ ಅಂದ್ರೆ ಮಾತ್ರ ಬಿಡ್ತೀನಿ."

ಅವ್ವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳ ಕಿವಿಗೆ ಅದು ಹೇಗೆ ಬಿತ್ತೋ, ತಾನು ಯಾರೆಂದು ಬೀಗರಿಗೆ ಹೇಳಬಾರದೆಂದು ಮೊಮ್ಮಗಳ ಕೈಯಲ್ಲಿ ಆಣೆ ಹಾಕಿಸಿ ಅವಳ ಬಾಯಿಗೆ ಬೀಗ ಜಡಿದಿದ್ದಳು. ಅದು ನನಗೆ ತಿಳಿದದ್ದು ಆಮೇಲೆ.

ಆ ಬೆಳಿಗ್ಗೆ ಹುಡುಗನ ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದರು. ನಾನು ಮೊರದ ತುಂಬ ರಾಗಿ ಹಿಡಿದು ನಿಂತಿದ್ದೆ; ಹೆಳವ ಹೇಳಿದ್ದು ಸರಿ ಅಂದಮೇಲೆ ಮನೆಯ ಯಜಮಾನ ಅದನ್ನು ಅವನ ಚೀಲಕ್ಕೆ ಸುರಿಯಬೇಕು. ಅವ್ವ ಬಾಗಿಲ ಹಿಂದಿದ್ದಳು. ಸಂಗಪ್ಪ ಬ್ಯಾಟರಾಯಪ್ಪನಿಂದ ಶುರುಮಾಡಿ ಒಂದೊಂದೇ ತಲೆ ಇಳಿಯುತ್ತ ಅಪ್ಪನ ಹತ್ತಿರ ಬಂದ. "ಅವನ ಕೈ ಇಡಿದೋಳು ಚೆನ್ನಕ್ಕ. ಚೆನ್ನಕ್ಕನ ಒಟ್ಟೇಲಿ..." ಎಂದು ನಿಲ್ಲಿಸಿ ನನ್ನ ಮುಖ ನೋಡಿದ.

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. "ಚೆನ್ನಕ್ಕನ ಒಟ್ಟೇಲಿ ಅಶ್ವತ್ಥಪ್ಪ ಅನ್ನು ಸಂಗಪ್ಪ. ಯಾಕೆ ತಡವರಿಸ್ತೀಯ? ಕೂಸಾಗಿದ್ದಾಗ ಇವ್ನ ಎತ್ತಾಡಿಸ್ದೋಳು ನಾನೇ ಅಲ್ವಾ."

"ಯಾರಮ್ಮ ಅದು?" ಅಂದರು ದೊಡ್ಡಪ್ಪ.

"ಎಮ್ಮೆ ಕಟ್ಟೋಳು ಸ್ವಾಮಿ. ಈ ಮನೆ ಆಳು."

ಸಂಗಪ್ಪ ನನ್ನ ಕಡೆಗೇ ತಿರುಗಿದ. "ಔದಾ ಅಶ್ವತ್ಥಪ್ಪ? ನೀನು ಅನ್ನು."

ಇಲ್ಲ, ಅವಳು ನಮ್ಮವ್ವ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಮಗಳ ಮುಖ ಕಣ್ಣ ಮುಂದೆ ಬಂತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಕ್ಯಾಸೆಟ್ಟಿನ ಮೇಲಿನ ನನ್ನ ಫೋಟೋ. "ಹೌದು" ಅಂದೆ, ರಾಗಿ ಸುರಿದೆ. ಸಂಗಪ್ಪ ಚೀಲ ಕಟ್ಟಿಕೊಂಡು ಹೊರಟುಹೋದ. "ಹಳೇ ಕಾಲದ ಆಳು, ಎಂಥಾ ನಿಯತ್ತು ನೋಡಿ" ಎಂದು ದೊಡ್ಡಪ್ಪ ಮೆಚ್ಚಿಕೊಂಡರು.

ಅವರು ಹೋದ ಮೇಲೆ ಅವ್ವನ ಕಾಲು ಹಿಡಿದೆ. "ಎದ್ದೇಳೋ, ಯಾರಾದ್ರೂ ನೋಡ್ಯಾರು" ಅಂದಳು. "ಕೂಸಿನ ಮದ್ವೆ ಆಗ್ಲಿ. ಇನ್ಮ್ಯಾಕೆ ಬೀಗರ ಮುಂದೆ ನನ್ನ ಅವ್ವ ಅನ್ಬ್ಯಾಡ, ಬಾಯಿ ಜಾರೀತು."

ಮದುವೆ ಆಯಿತು. ಊರವರೂ ಹೆಣ್ಣುಮಗಳ ಬಾಳು ಅಂತ ಸುಮ್ಮನಿದ್ದರು. ಅವ್ವ ಆಮೇಲೆ ಎರಡು ವರ್ಷ ಬದುಕಿದ್ದಳು. ಬೀಗರು ಬಂದಾಗಲೆಲ್ಲ ನಾನು ಜಗುಲಿಯಿಂದಲೇ, "ಅಕ್ಕಯ್ಯಮ್ಮಾ, ಕಾಲಿಗೆ ನೀರು ತಾ" ಎಂದು ಕೂಗುತ್ತಿದ್ದೆ. "ಬಂದೆ ಬುದ್ಧಿ" ಎಂದು ಅವಳು ಚೊಂಬು ಹಿಡಿದು ಬರುತ್ತಿದ್ದಳು.